ಬೇರೆ ಕೈಯ ಹೊಲಿಗೆ

ಕೌಲ್‌ಬಜಾರಿನ ಡಾಂಬರು
ಚಪ್ಪಲಿ ಹಿಡಿದು ಎಳೆಯುವ ಮಾರ್ಚಿ ಮಧ್ಯಾಹ್ನ
ಎರ್ರೆಮ್ಮ ಮೇಡಂ ಬಂದು, ನನ್ನ ಕಟಿಂಗ್ ಮೇಜಿನ ಮೇಲೆ
ಒಬ್ಬ ಮನುಷ್ಯನನ್ನೇ ಮಲಗಿಸಿದಂತೆ ಮಲಗಿಸಿದಳು:
ತಲೆಯಿಂದ ಕಾಲಿನವರೆಗೆ ಒಂದೇ ಅಂಗಿ, ಹಳದಿ,
ಹೊಟ್ಟೆ ತುಂಬ ಗರಿ.

ಕಾಠ್ಮಂಡುವಿನಿಂದ ತರಿಸಿದ ಸೆಕೆಂಡ್ ಹ್ಯಾಂಡು,
ಯಾವನೋ ಆರಡಿ ಗಂಡಸಿನದು.
ಇವಳು ಐದಡಿಗೆ ಎರಡಿಂಚು ಕಡಿಮೆ.
"ದಾದಾಪೀರ್ ಚಾಚಾ, ಕೈಕಾಲು ಗಿಡ್ಡ ಮಾಡಿಕೊಡು.
ಚಳಿ ಒಳಗೆ ಬರಬಾರದು."

ಚಳಿ!
ಮೂವತ್ತು ವರ್ಷ ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿದವನು ನಾನು.
ಉಗುರಿನೊಳಗೆ ನೀಲಿ ಮನೆ ಮಾಡಿದೆ.
ಚಳಿಯ ಅಳತೆ ಯಾವ ಟೇಪಿನಲ್ಲಿದೆ?

ಯಾವ ಗುಡ್ಡ ಅಂದೆ. ಮಕಾಲು ಅಂದಳು.
ನನಗೆ ಕೇಳಿಸಿದ್ದು ಮುಕ್ಕಾಲು.
ಮುಕ್ಕಾಲು ಯಾಕಮ್ಮ, ಪೂರ್ತಿ ಹತ್ತಬಾರದೇ?
ಕೈಯಲ್ಲಿದ್ದ ಚಹಾ ತುಳುಕುವಷ್ಟು ನಕ್ಕಳು.

ಬೆಳಗಿನ ಐದಕ್ಕೆ ಅವಳು ಕೋಟೆ ಗುಡ್ಡ ಹತ್ತುವುದು ಓಣಿಗೇ ಗೊತ್ತು,
ಬೆನ್ನಿಗೆ ಇಪ್ಪತ್ತು ಲೀಟರಿನ ಕ್ಯಾನು.
ಮೇಲೆ ಬೇವಿನ ಸಸಿಗೆ ನೀರು ಸುರಿದು
ಖಾಲಿ ಕ್ಯಾನು ಬಾರಿಸುತ್ತ ಇಳಿಯುತ್ತಾಳೆ.
ಸೊಸೈಟಿ ಸಾಲ, ಮಾರಿದ ಸೈಟು,
ಶಾಲೆ ಮಕ್ಕಳ ಡಬ್ಬಿಯ ಸಾವಿರದ ನಲವತ್ತು,
ಎಲ್ಲ ಒಂದು ಕಂಪನಿಗೆ ಕಟ್ಟಿದ್ದಾಳೆ.
ಅವರೇ ಹಗ್ಗ ಹಾಕುತ್ತಾರೆ, ಡೇರೆ ಹೊಡೆಯುತ್ತಾರೆ,
ಆಮ್ಲಜನಕ ಹೊರುತ್ತಾರೆ, ಅನ್ನ ಬೇಯಿಸುತ್ತಾರೆ.
"ಹತ್ತುವುದು ಮಾತ್ರ ನಾನು, ಅದೂ ಫುರ್ಬಾ ಮುಂದೆ ಹತ್ತಿದ ಮೇಲೆ."

ರಾತ್ರಿ ಕೆಲಸಕ್ಕೆ ಕೂತೆ. ಫ್ಯಾನು ಆರಿಸಬೇಕಾಯಿತು.
ಹೊಲಿಗೆ ಬಿಚ್ಚಿದ್ದೇ ತಡ, ಯಾವ ದೇಶದ ಬಾತುಕೋಳಿಯೋ,
ಬೆವರಿಗೆ, ಗಡ್ಡಕ್ಕೆ, ರೆಪ್ಪೆಗೆ ಅಂಟಿತು.
ಊಟಕ್ಕೆ ಕರೆಯಲು ಬಂದ ನೂರ್‌ಬಿ ಬಾಗಿಲಲ್ಲೇ ನಿಂತು
"ಏನ್ರೀ, ಕೋಳಿ ಕೊಯ್ದಿರಾ?" ಅಂದಳು.
ಕತ್ತರಿ ಹಾಕಲಿಲ್ಲ. ಒಳಕ್ಕೆ ಮಡಚಿ ಜೋಡಿ ಹೊಲಿಗೆ,
ಸೂಜಿಯ ಒಂದೊಂದು ತೂತಿಗೂ ಮೇಣ.

ಜೂನಿನಲ್ಲಿ ಬಂದಳು. ಮೂಗಿನ ತುದಿ ಕಪ್ಪು,
ಕಿರುಬೆರಳಿಗೆ ಪಟ್ಟಿ.
ಪೇಪರಿನಲ್ಲಿ ಫೋಟೊ ಬಂದಿರಲಿಲ್ಲ, ಹಾಗಾಗಿ ಕೇಳಲಿಲ್ಲ.
ತಾನೇ ಹೇಳಿದಳು:
ನೂರೈವತ್ತು ಮೀಟರ್ ಉಳಿದಿತ್ತು ಚಾಚಾ,
ಹೆಚ್ಚುಕಡಿಮೆ ನಮ್ಮ ಕೋಟೆ ಗುಡ್ಡದಷ್ಟು.
ಫುರ್ಬಾ ಗಡಿಯಾರ ನೋಡಿದ, ಮೋಡ ನೋಡಿದ,
ನನ್ನ ಸಿಲಿಂಡರಿನ ಮುಳ್ಳು ನೋಡಿದ,
ಕೆಳಗೆ ಕೈ ತೋರಿಸಿದ.
ದುಡ್ಡು ಕೊಟ್ಟವಳು ನಾನು ಅಂತ ಕೂಗಿದೆ.
ಆ ಗಾಳಿಯಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.
ಕೇಳಿಸದೇ ಇದ್ದಿರಲಿ.

ಅಂಗಿ ಮತ್ತೆ ಮೇಜಿನ ಮೇಲೆ.
ನನ್ನ ಮಡಿಕೆ ಒಂದೆಳೆಯೂ ಬಿಟ್ಟಿರಲಿಲ್ಲ,
ಸುಳ್ಳೇಕೆ, ಮೊದಲು ಅದನ್ನೇ ನೋಡಿದೆ.
ಬಲ ಮೊಣಕಾಲಿನಲ್ಲಿ ಮಾತ್ರ ಗೇಣುದ್ದ ಹರಿದು
ಬೇರೆ ಯಾರೋ ಹೊಲಿದಿದ್ದರು.
ಬೂಟಿನ ಮುಳ್ಳು ತಾಗಿತು ಅಂದಳು. ಮೂರನೇ ಕ್ಯಾಂಪಿನಲ್ಲಿ
ಹಲ್ಲಿನ ಸಂದಿ ತೆಗೆಯುವ ದಾರದಿಂದ ಫುರ್ಬಾ ಹಾಕಿದ್ದು.

ಚಷ್ಮಾ ಹಾಕಿಕೊಂಡೆ.
ಎಡಚ. ಗಂಟು ಬಲಕ್ಕೆ ಬಿದ್ದಿದೆ.
ಮೊದಲ ಆರು ಸಣ್ಣ, ಒತ್ತೊತ್ತು, ಯಾರೋ ಬೈದು ಕಲಿಸಿದ್ದಾರೆ.
ಏಳನೆಯದು ಉದ್ದ ಓಡಿದೆ: ಅಲ್ಲಿ ಬೆರಳು ಸತ್ತಿವೆ.
ಕೈ ಕಂಕುಳಲ್ಲಿಟ್ಟು ಕಾಯಿಸಿಕೊಂಡಿದ್ದಾನೆ,
ಎಂಟನೆಯದು ಮತ್ತೆ ಸಣ್ಣ.
ಹೀಗೆ ಮೂರು ಸಲ.

ಫುರ್ಬಾ ಅಂದರೆ ಗುರುವಾರ ಹುಟ್ಟಿದವನಂತೆ.
ಗುರುವಾರ ನಾನು ದರ್ಗಾಕ್ಕೆ ಹೋಗುವ ದಿನ.
ಎಷ್ಟು ಮಕ್ಕಳು ಅವನಿಗೆ? ಗೊತ್ತಿಲ್ಲ.
ಅವನಿಗೂ ಪೀಸ್ ಲೆಕ್ಕವೇ?
ಸ್ವಲ್ಪ ತಡೆದು ಅಂದಳು,
"ನಾನು ತುದಿ ಮುಟ್ಟಿದ್ದರೆ ಅವನಿಗೆ ಬೋನಸ್ ಇತ್ತು ಚಾಚಾ."

ಬೀದಿಯಲ್ಲಿ ಐಸ್ ಗಾಡಿ ಗಂಟೆ ಹೊಡೆದುಕೊಂಡು ಹೋಯಿತು.

ಮೊಣಕಾಲು ಬಿಚ್ಚಬೇಡ ಅಂದಳು.
ಬಿಚ್ಚುವವರು ಯಾರು ಅಂದೆ.
ಅವನ ತೂತುಗಳಿಗೂ ಸವರೋಣ ಅಂತ ಮೇಣ ಹುಡುಕಿದರೆ
ಬಳ್ಳಾರಿಯ ಬಿಸಿಲಿಗೆ ಅದು ಡ್ರಾಯರಿನೊಳಗೇ ಕರಗಿ
ಸೂಜಿಗಳನ್ನೆಲ್ಲ ಹಿಡಿದುಕೊಂಡಿತ್ತು.